ಮರಳುಗಾಡಿನಲ್ಲಿ ಪಿಸ್ತೂಲಿನ ಮ್ಯಾಗಜಿನ್: ಬಿಚ್ಚಿ ಒರೆಸಿ, ಒಣಗಿಸಿಯೇ ಇಡಿ

2003ರಲ್ಲಿ ಇರಾಕಿಗೆ ಹೋದ ಅಮೆರಿಕದ ಸೈನಿಕರಲ್ಲಿ ಅನೇಕರ ಸೊಂಟದಲ್ಲಿದ್ದದ್ದು ಬೆರೆಟಾ ಕಂಪನಿಯ ಎಂ9 ಪಿಸ್ತೂಲು. 1985ರಲ್ಲಿ ಆಯ್ಕೆಯಾಗಿದ್ದ ಈ 9 ಮಿಲಿಮೀಟರ್ ಪಿಸ್ತೂಲಿನ ಮ್ಯಾಗಜಿನ್ 15 ಗುಂಡು ಹಿಡಿಯುತ್ತದೆ. 2003ರಲ್ಲೇ ಸೇನೆಯ ತಂಡವೊಂದು ಸಿದ್ಧಪಡಿಸಿದ ವರದಿಯಲ್ಲಿ ಈ ಮ್ಯಾಗಜಿನ್ ಮೇಲಿನ ದೂರು ಎದ್ದು ಕಾಣುತ್ತದೆ: ಸ್ಪ್ರಿಂಗಿಗೆ ಬಲವಿಲ್ಲ, ಮುಚ್ಚಿದ ಚೀಲದಲ್ಲಿಟ್ಟರೂ ಮರಳು ಒಳಗೆ ಸೇರುತ್ತದೆ, ಗುಂಡುಗಳು ಮೇಲೇರದೆ ತಳದಲ್ಲೇ ಉಳಿಯುತ್ತವೆ. ಸೈನಿಕರು ಸ್ಪ್ರಿಂಗನ್ನು ಕೈಯಿಂದ ಎಳೆದು ಉದ್ದ ಮಾಡಿದರು. 15ರ ಬದಲು 10 ಗುಂಡು ಮಾತ್ರ ತುಂಬಿದರು. ಆದರೂ ಮೊದಲ ಒಂದೆರಡು ಗುಂಡುಗಳಾಚೆಗೆ ಸರಿಯಾಗಿ ಸಾಗುತ್ತಿರಲಿಲ್ಲ.

ದೋಷ ಸ್ಪ್ರಿಂಗಿನದೊಂದೇ ಆಗಿರಲಿಲ್ಲ. ಮ್ಯಾಗಜಿನ್ ಎಂದರೆ ಒಂದು ತಗಡಿನ ಕೊಳವೆ. ಒಳಗೆ ಸ್ಪ್ರಿಂಗ್, ಅದರ ತಲೆಯ ಮೇಲೆ ಗುಂಡುಗಳನ್ನು ಎತ್ತಿ ಹಿಡಿಯುವ ಫಾಲೋವರ್. ಎರಡು ಸಾಲಾಗಿ ಕುಳಿತ ಗುಂಡುಗಳು ಮೇಲ್ತುದಿಯಲ್ಲಿ ಒಂದೇ ಸಾಲಾಗುವ ಕಡೆ ಉಜ್ಜಾಟ ಹೆಚ್ಚು. ಪಿಸ್ತೂಲಿನ ಮೇಲ್ಭಾಗದಲ್ಲಿ ಜಾರುವ ಸ್ಲೈಡ್ ಹಿಂದೆ ಹೋಗಿ ಮುಂದೆ ಬರುವ ಕಣ್ಣೆವೆಯ ಹೊತ್ತಿನೊಳಗೆ ಮುಂದಿನ ಗುಂಡು ಮೇಲೆದ್ದು ನಿಂತಿರಬೇಕು. ತಡವಾದರೆ ಸ್ಲೈಡ್ ಬರಿದಾದ ನಳಿಗೆಯ ಮೇಲೆಯೇ ಮುಚ್ಚಿಕೊಳ್ಳುತ್ತದೆ ಅಥವಾ ಗುಂಡನ್ನು ಓರೆಯಾಗಿ ಸಿಕ್ಕಿಸಿಬಿಡುತ್ತದೆ. ಸೇನೆಯ ಕರಾರಿನಂತೆ ಮಾಡಿದ ಮ್ಯಾಗಜಿನ್‌ಗಳ ಒಳಗೋಡೆಗೂ ತುಕ್ಕು ತಡೆಯುವ ದಪ್ಪ ಫಾಸ್ಫೇಟ್ ಲೇಪನವಿತ್ತು. ಅದು ತರಿತರಿಯಾದ ಲೇಪನ. ರಂಗೋಲಿ ಪುಡಿಗಿಂತಲೂ ನುಣ್ಣಗಿರುವ ಇರಾಕಿನ ಧೂಳು ಅದಕ್ಕೆ ಹಿಡಿದುಕೊಂಡರೆ ಫಾಲೋವರ್ ತೆವಳತೊಡಗುತ್ತದೆ.

ಇಂಥ ಮ್ಯಾಗಜಿನ್ನಿನ ಆರೈಕೆ ಹೀಗಿರಬೇಕು. ಮೊದಲು ಮ್ಯಾಗಜಿನ್ ಹೊರತೆಗೆದು, ಸ್ಲೈಡ್ ಎಳೆದು, ನಳಿಗೆಯೊಳಗೆ ಗುಂಡಿಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು ಪಿಸ್ತೂಲನ್ನು ದೂರ ಇಡಬೇಕು. ಗುಂಡುಗಳನ್ನೆಲ್ಲ ಖಾಲಿ ಮಾಡಿ ಒಂದೊಂದನ್ನೂ ಒಣಬಟ್ಟೆಯಿಂದ ಒರೆಸಬೇಕು, ಏಕೆಂದರೆ ಕೊಳವೆಯೊಳಗೆ ಹೋಗುವ ಮರಳಿನಲ್ಲಿ ಒಂದು ಪಾಲು ಗುಂಡಿನ ಮೈಗೆ ಅಂಟಿಕೊಂಡೇ ಹೋಗುತ್ತದೆ.

ಬಳಿಕ ತಳದ ತೂತಿನೊಳಗಿನ ಗುಬುಟನ್ನು ಒತ್ತಿ ತಳದ ಫಲಕವನ್ನು ಮುಂದಕ್ಕೆ ಸರಿಸಬೇಕು. ಆಗ ಹೆಬ್ಬೆರಳು ಸ್ಪ್ರಿಂಗಿನ ಮೇಲೆಯೇ ಇರಲಿ, ಇಲ್ಲವಾದರೆ ಅದು ಚಿಮ್ಮಿ ಮರಳಿಗೇ ಬೀಳುತ್ತದೆ. ಸ್ಪ್ರಿಂಗಿನ ಯಾವ ತುದಿ ಮೇಲಿತ್ತು, ಯಾವ ಕಡೆಗೆ ಮುಖ ಮಾಡಿತ್ತು ಎಂಬುದನ್ನು ನೋಡಿಟ್ಟುಕೊಳ್ಳಬೇಕು.

ಮುಂದಿನದು ಜನ ಹೆಚ್ಚು ತಪ್ಪು ಮಾಡುವ ಹಂತ. ಬಿಗಿಯಾದದ್ದಕ್ಕೆಲ್ಲ ಎಣ್ಣೆ ಬಿಡುವುದು ನಮ್ಮ ಕೈಗೆ ಅಂಟಿದ ಅಭ್ಯಾಸ. ಹೊಲಿಗೆ ಯಂತ್ರಕ್ಕೆ ಅತಿಯಾಗಿ ಎಣ್ಣೆ ಹಾಕಿ, ವಾರ ಬಿಟ್ಟು ಅದರೊಳಗಿನ ಕಪ್ಪು ಜಿಡ್ಡು ಕೆರೆದು ತೆಗೆದವರಿಗೆ ಇದರ ಫಲ ಗೊತ್ತಿರುತ್ತದೆ. ಎಣ್ಣೆ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಆದ್ದರಿಂದ ಕೊಳವೆಯ ಒಳಭಾಗವನ್ನು ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಒಣಗಿದಂತೆಯೇ ಬಿಡಬೇಕು. ತುಕ್ಕಿನ ಭಯವಿದ್ದರೆ ಎಣ್ಣೆ ಸೋಕಿಸಿದ ಬಟ್ಟೆಯನ್ನು ಹೊರಮೈಗೆ ಮಾತ್ರ ಒಮ್ಮೆ ಆಡಿಸಿದರೆ ಸಾಕು.

ಮೇಲ್ತುದಿಯಲ್ಲಿ ಗುಂಡನ್ನು ತಡೆದು ಹಿಡಿಯುವ ಎರಡು ಅಂಚುಗಳು ಬಾಗಿದ್ದರೆ, ಸೀಳಿದ್ದರೆ ಆ ಮ್ಯಾಗಜಿನ್ ಅಭ್ಯಾಸಕ್ಕೂ ಬೇಡ. ಸ್ಪ್ರಿಂಗನ್ನು ಹೊಸದೊಂದರ ಪಕ್ಕದಲ್ಲಿಟ್ಟು ನೋಡಬೇಕು. ಗಮನಾರ್ಹವಾಗಿ ಗಿಡ್ಡವಾಗಿದ್ದರೆ ಬದಲಾಯಿಸಬೇಕು. ಎಳೆದು ಉದ್ದ ಮಾಡಿದ ಸ್ಪ್ರಿಂಗ್ ಕೆಲವು ದಿನ ಬಿಗಿಯಾಗಿದ್ದಂತೆ ತೋರಿ ಮತ್ತೆ ಕುಗ್ಗುತ್ತದೆ.

ಜೋಡಿಸಿದ ಮೇಲೆ ಫಾಲೋವರನ್ನು ಕಡ್ಡಿಯಿಂದ ತಳದವರೆಗೆ ಒತ್ತಿ, ನಿಧಾನವಾಗಿ ಬಿಡಬೇಕು. ನೇರವಾಗಿ ಹಿಡಿದಾಗಲೂ ಓರೆಯಾಗಿ ಹಿಡಿದಾಗಲೂ ಅದು ಎಲ್ಲೂ ನಿಲ್ಲದೆ ಮೇಲೇರಬೇಕು. ನಡುವೆ ತಡೆದರೆ ಇನ್ನೂ ಮರಳಿದೆ ಅಥವಾ ಕೊಳವೆ ನೆಗ್ಗಿದೆ ಎಂದರ್ಥ.

2006ರಲ್ಲಿ ಅಮೆರಿಕದ ಮರೀನ್ ದಳಕ್ಕೆ ಬಂದ ಎಂ9ಎ1 ಪಿಸ್ತೂಲಿನೊಂದಿಗೆ, ಒಳಗೋಡೆ ನುಣುಪಾಗಿರುವ, ಮರಳು ತಾಳುವ ಮ್ಯಾಗಜಿನ್ ಬಂದಿತು. ಹಳೆಯವನ್ನೇ ಬಳಸಬೇಕಾದವರು ಪ್ರತಿಯೊಂದರ ತಳಕ್ಕೂ ಬಣ್ಣದಿಂದ ಸಂಖ್ಯೆ ಬರೆದಿಡುವುದು ಒಳ್ಳೆಯದು. ಎರಡು ಬಾರಿ ಸಿಕ್ಕಿಕೊಂಡ ಸಂಖ್ಯೆ ಯಾವುದೆಂದು ಆಗ ತಿಳಿಯುತ್ತದೆ, ಅದನ್ನು ಮಾತ್ರ ಬೇರೆ ಚೀಲಕ್ಕೆ ಹಾಕಬಹುದು.