ಫಿಯೆಟ್ 1100 ಡಿಲೈಟ್: ಎಂಜಿನ್ ಬಿಚ್ಚಿ ಕಟ್ಟಿದ ನನ್ನ ಅನುಭವ

ಹಳೆಯ ಫಿಯೆಟ್ ಮನೆಗೆ ತಂದವರಿಗೆಲ್ಲ ಸಿಗುವ ಸಲಹೆ ಒಂದೇ: “ಆ ಎಂಜಿನ್ ತೆಗೆದುಹಾಕಿ, ಹೊಸ ಕಾಲದ್ದು ಯಾವುದಾದರೂ ಕೂರಿಸಿಬಿಡಿ.” ನನಗೂ ಹಾಗೆಯೇ ಹೇಳಿದರು. ನಾನು ಒಪ್ಪಲಿಲ್ಲ. ಆ ನಾಲ್ಕು ಸಿಲಿಂಡರಿನ 1089 ಸಿಸಿ ಎಂಜಿನ್ ಹೋದ ಮೇಲೆ ಉಳಿಯುವುದು ಡಿಲೈಟಿನ ತಗಡು ಮಾತ್ರ. ಕಾನೂನು ಕೂಡ ನನ್ನ ಕಡೆಗೇ ಇದೆ. ಐವತ್ತು ವರ್ಷ ದಾಟಿದ ವಾಹನಗಳಿಗೆ ‘ವಿಎ’ ಅಕ್ಷರಗಳ ವಿಂಟೇಜ್ ನೋಂದಣಿ ಕೊಡುವ 2021ರ ನಿಯಮದ ಪ್ರಕಾರ ಷಾಸಿ, ಬಾಡಿ, ಎಂಜಿನ್ ಯಾವುದನ್ನೂ ಮಾರ್ಪಡಿಸಿರಬಾರದು.

ಕಾರು 1960ರ ದಶಕದ್ದು, ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸಿದ್ದು. ಮುಂದೆ ಪದ್ಮಿನಿ ಎಂದು ಹೆಸರು ಪಡೆದದ್ದು ಇದೇ ಗಾಡಿ. ಬಿಡಿಭಾಗಗಳು ಇಷ್ಟು ಕಾಲ ಸಿಗುತ್ತ ಬಂದದ್ದರಲ್ಲಿ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳ ಪಾಲು ದೊಡ್ಡದು. 2023ರ ಅಕ್ಟೋಬರಿನಲ್ಲಿ ಪದ್ಮಿನಿ ಟ್ಯಾಕ್ಸಿಗಳು ರಸ್ತೆ ಬಿಟ್ಟವು. ಹಾಗಾಗಿ ಈಗ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಏನಾದರೂ ಕಣ್ಣಿಗೆ ಬಿದ್ದರೆ ಅಂದೇ ಕೊಂಡುಬಿಡುತ್ತೇನೆ.

ಮಲೆನಾಡಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದ ಗಾಡಿಯ ಎಂಜಿನ್ ಜಾಮ್ ಆಗಿತ್ತು. ಪ್ಲಗ್ ಬಿಚ್ಚಿ, ನಾಲ್ಕೂ ಸಿಲಿಂಡರಿಗೆ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಸುರಿದು, ಹಾಗೆಯೇ ನೆನೆಯಲು ಬಿಟ್ಟೆ. ದಿನಕ್ಕೊಮ್ಮೆ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಆ ಕಡೆ ಈ ಕಡೆ ನಿಧಾನವಾಗಿ ಒತ್ತುವುದಷ್ಟೇ ಕೆಲಸ. ಇಲ್ಲಿ ಬಲ ಹಾಕಿದರೆ ಪಿಸ್ಟನ್ನಿನ ಸುತ್ತ ಕೂರುವ ರಿಂಗು ಮುರಿದು ಬೋರಿನ (ಪಿಸ್ಟನ್ ಓಡಾಡುವ ಕೊಳವೆಯ) ಗೋಡೆ ಗೀರುತ್ತದೆ. ಎಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ಡು ಅಲ್ಯೂಮಿನಿಯಂ, ಸಿಲಿಂಡರುಗಳಿರುವ ಬ್ಲಾಕ್ ಎರಕದ ಕಬ್ಬಿಣ. ರೇಡಿಯೇಟರಿಗೆ ಬರೀ ನಲ್ಲಿ ನೀರು ಹಾಕಿ ಓಡಿಸಿದ ಗಾಡಿಗಳಲ್ಲಿ ಇವೆರಡರ ನಡುವೆ ಬಿಳಿ ಪುಡಿಯಂಥ ತುಕ್ಕು ಕಟ್ಟಿ ಹೆಡ್ಡು ಕಚ್ಚಿಕೊಳ್ಳುತ್ತದೆ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಮೆತ್ತನೆಯ ಅಲ್ಯೂಮಿನಿಯಂ ಕಿತ್ತುಬರುತ್ತದೆ. ಮರದ ಸುತ್ತಿಗೆಯಿಂದ ಸುತ್ತಲೂ ಹಗುರವಾಗಿ ತಟ್ಟಿ ಬಿಡಿಸಿದೆ.

ಬಿಚ್ಚಿದ ಮೇಲೆ ಎಲ್ಲವೂ ಅಳತೆಯ ಮಾತು. ಬೋರಿನ ಮೂಲ ಅಳತೆ 68 ಮಿ.ಮೀ. ಆದರೆ ಸವೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಮೇಲಿನ ರಿಂಗು ಬಂದು ನಿಲ್ಲುವ ಜಾಗದಲ್ಲಿ ಅತಿ ಹೆಚ್ಚು. ಉಗುರು ಆಡಿಸಿದರೆ ಅಲ್ಲೊಂದು ಅಂಚು ತಗಲುತ್ತದೆ. ಡಯಲ್ ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆದು ಬರೆದುಕೊಂಡೆ. ಬೋರುಗಳು ಮೇಲೆ ಅಗಲವಾಗಿ, ಅಂಡಾಕಾರವಾಗಿ ಸವೆದಿದ್ದವು. ಬರೀ ರಿಂಗು ಬದಲಿಸಿ ಸಾಗಹಾಕುವ ಸ್ಥಿತಿ ಅದಲ್ಲ. ಬೋರು ಕೊರೆದು ಅಗಲ ಮಾಡಿ, ಅದಕ್ಕೆ ತಕ್ಕ ದೊಡ್ಡ ಅಳತೆಯ (ಓವರ್‌ಸೈಜ್) ಪಿಸ್ಟನ್ ಹಾಕಬೇಕು. ಬ್ಲಾಕ್ ಹೊತ್ತು ಲೇತ್ ಅಂಗಡಿಗೆ ಹೋದರೆ ಅಲ್ಲಿನ ಹಿರಿಯರು ಕೇಳಿದ್ದು ಒಂದೇ ಮಾತು: “ಪಿಸ್ಟನ್ ತಂದಿದ್ದೀರಾ ಸಾರ್? ಅದು ಕೈಗೆ ಬರುವವರೆಗೆ ನಾನು ಬ್ಲಾಕ್ ಮುಟ್ಟುವುದಿಲ್ಲ.” ಓವರ್‌ಸೈಜ್ ಪಿಸ್ಟನ್ನುಗಳಲ್ಲೂ ಕೂದಲೆಳೆಯ ವ್ಯತ್ಯಾಸ ಇರುತ್ತದೆ. ಅವರು ಒಂದೊಂದು ಪಿಸ್ಟನ್ನನ್ನೂ ಮೈಕ್ರೋಮೀಟರಿನಲ್ಲಿ ಅಳೆದು, ನಂಬರು ಬರೆದು, ಆಯಾ ಪಿಸ್ಟನ್ನಿಗೆ ಆಯಾ ಬೋರು ಕೊರೆದುಕೊಟ್ಟರು. ಇಂಥ ಕೈಗಳು ಇರುವುದರಿಂದಲೇ ನಮ್ಮ ಹವ್ಯಾಸ ಉಳಿದಿದೆ.

ಹೋನಿಂಗ್, ಅಂದರೆ ಸಾಣೆಕಲ್ಲಿನಿಂದ ನವಿರಾಗಿ ಗೀರು ಹಾಕುವ ಕೆಲಸ, ಮುಗಿದ ಬೋರನ್ನು ಬಹಳ ಜನ ಪೆಟ್ರೋಲಿನಿಂದ ಒರೆಸಿ ಬಿಡುತ್ತಾರೆ. ಪೆಟ್ರೋಲು ಜಿಡ್ಡನ್ನು ಕರಗಿಸುತ್ತದೆಯೇ ಹೊರತು ಗೀರುಗಳೊಳಗೆ ಕೂತ ಸಾಣೆಪುಡಿಯನ್ನು ಎತ್ತುವುದಿಲ್ಲ. ಬಿಸಿನೀರು, ಸೋಪು, ಬ್ರಷ್ ಹಿಡಿದು ಉಜ್ಜಬೇಕು. ಬಿಳಿ ಬಟ್ಟೆ ಆಡಿಸಿದರೆ ಮೊದಮೊದಲು ಬೂದು ಬಣ್ಣ ಬರುತ್ತದೆ. ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ತೊಳೆದು, ಒಣಗಿಸಿ, ತಡಮಾಡದೆ ಎಣ್ಣೆ ಸವರಬೇಕು. ಇಲ್ಲದಿದ್ದರೆ ಕಣ್ಣೆದುರೇ ತುಕ್ಕಿನ ಛಾಯೆ ಮೂಡುತ್ತದೆ. ಗ್ರೈಂಡ್ ಆಗಿ ಬಂದ ಕ್ರ್ಯಾಂಕಿನ ಎಣ್ಣೆ ರಂಧ್ರಗಳಿಗೂ ಸಪೂರ ಬ್ರಷ್ ತೂರಿಸಿ ಇದೇ ಉಪಚಾರ ಮಾಡಿದೆ. ರಿಂಗುಗಳನ್ನು ನೇರವಾಗಿ ಪಿಸ್ಟನ್ನಿಗೆ ತೊಡಿಸಲಿಲ್ಲ. ಒಂದೊಂದನ್ನೂ ಬೋರಿನೊಳಗೆ ಇಟ್ಟು, ಪಿಸ್ಟನ್ ತಲೆಕೆಳಗು ಹಿಡಿದು ತಳ್ಳಿ ಸಮ ಮಾಡಿ, ತುದಿಗಳ ನಡುವಿನ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ಹಾಕಿ ನೋಡಿದೆ. ಈ ಗಾತ್ರದ ಬೋರಿಗೆ ಕಾಲು ಮಿ.ಮೀ. ಆಸುಪಾಸು ಸಂದಿ ಇರಬೇಕು. ಕಡಿಮೆಯಾದರೆ ಬಿಸಿಯಾದಾಗ ತುದಿಗಳು ತಾಕಿ ರಿಂಗು ಸಿಕ್ಕಿಕೊಳ್ಳುತ್ತದೆ.

ವಾಲ್ವ್‌ಗಳನ್ನು ಸಾಣೆ ಪೇಸ್ಟ್ ಹಚ್ಚಿ ತೀಡಿ, ಪೋರ್ಟಿಗೆ (ವಾಲ್ವ್ ಮುಚ್ಚುವ ದಾರಿಗೆ) ಸೀಮೆಎಣ್ಣೆ ಸುರಿದು ಸೋರಿಕೆ ಪರೀಕ್ಷಿಸಿದೆ. ರಬ್ಬರ್ ಭಾಗಗಳ ವಿಷಯದಲ್ಲಿ ಮಾತ್ರ ಮೂಲದ ಹಟ ಬಿಟ್ಟೆ. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥೆನಾಲ್ ಇರುತ್ತದೆ. ಹಳೆಯ ರಬ್ಬರ್ ಅದಕ್ಕೆ ತಡೆಯುವುದಿಲ್ಲ. ಪೆಟ್ರೋಲ್ ಪೈಪುಗಳನ್ನೂ ಪಂಪಿನ ಡಯಾಫ್ರಮ್ಮನ್ನೂ ಎಥೆನಾಲ್ ತಾಳುವಂಥವಕ್ಕೆ ಬದಲಿಸಿದೆ.

ಮೊದಲ ಸಲ ಚಾಲೂ ಮಾಡುವ ಮುನ್ನ ಪ್ಲಗ್ ಹಾಕದೆಯೇ ಎಂಜಿನ್ ತಿರುಗಿಸಿ ಎಣ್ಣೆಯನ್ನು ಮೇಲಕ್ಕೆ ಏರಿಸಿಕೊಂಡೆ. ಹತ್ತಿಕೊಂಡ ಮೇಲೆ ಸ್ಲೋ ಸ್ಪೀಡಿಗೆ ಬಿಡಲಿಲ್ಲ. ಹೊಸದಾಗಿ ಕೂಡಿಸಿದ, ವಾಲ್ವ್ ತೆರೆಸುವ ಕ್ಯಾಮ್ ಮತ್ತು ಟ್ಯಾಪೆಟ್ಟಿಗೆ ಎಣ್ಣೆ ಚೆನ್ನಾಗಿ ಎರಚಬೇಕಾದರೆ ಸ್ವಲ್ಪ ವೇಗ ಬೇಕು. ಆಮೇಲೆ ಏರುರಸ್ತೆಗಳಲ್ಲಿ ವೇಗ ಬದಲಿಸುತ್ತ ಓಡಿಸಿದೆ. ಭಾರ ಬಿದ್ದರೇ ರಿಂಗು ಬೋರಿಗೆ ಹೊಂದಿಕೊಳ್ಳುವುದು. ಮೊದಲ 500 ಕಿ.ಮೀ.ಗೇ ಎಣ್ಣೆ ಬದಲಿಸಿದೆ. ಈಗ ಸೈಲೆನ್ಸರಿನಲ್ಲಿ ಎಣ್ಣೆ ಸುಡುವ ನೀಲಿ ಹೊಗೆಯಿಲ್ಲ. ಸ್ಟೀರಿಂಗ್ ಪಕ್ಕದ ಗೇರ್ ಲಿವರಿನ ಬುಷ್‌ಗಳು ಸವೆದು ಎರಡನೆಯ ಗೇರು ತಡವರಿಸುತ್ತಿದೆ. ಲೇತ್‌ನಲ್ಲಿ ಹಿತ್ತಾಳೆಯ ಬುಷ್ ಮಾಡಿಸಲು ಕೊಟ್ಟಿದ್ದೇನೆ.