ಮಾರಾದ ಬಯಲಲ್ಲಿ ಬೆಳಗಿನಿಂದ ಬೈಗಿನವರೆಗೆ

ಕಬಿನಿ, ಬಂಡೀಪುರಗಳಲ್ಲಿ ಸುತ್ತಾಡಿ ಅಭ್ಯಾಸವಾದವರಿಗೆ ಸಫಾರಿ ಎಂದರೆ ಬೆಳಿಗ್ಗೆ ಒಂದು ಪಾಳಿ, ಸಂಜೆ ಒಂದು ಪಾಳಿ; ನಡುವಿನ ಹೊತ್ತೆಲ್ಲ ಊಟಕ್ಕೆ ಮತ್ತು ನಿದ್ದೆಗೆ. ಕೀನ್ಯಾದ ಮಸಾಯಿ ಮಾರಾಕ್ಕೆ ಹೋಗುವವರಲ್ಲೂ ಅನೇಕರು ಇದೇ ಲೆಕ್ಕದಲ್ಲಿ ದಿನವನ್ನು ಎರಡು ತುಂಡು ಮಾಡಿಕೊಳ್ಳುತ್ತಾರೆ. ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿಗೆ ಹೋದ ನಾನು, ಗೇಟು ತೆರೆದಾಗ ಒಳಗೆ ಹೋಗಿ ಅದು ಮುಚ್ಚುವ ಹೊತ್ತಿಗೆ ಹೊರಗೆ ಬರುವಂತೆ, ನಡುವೆ ಎಲ್ಲಿಯೂ ಲಾಡ್ಜಿಗೆ ಮರಳದಂತೆ ಏರ್ಪಾಡು ಮಾಡಿಕೊಂಡಿದ್ದೆ. ಅದಕ್ಕೆ ಮೊದಲ ಕಾರಣ ಹಣ. 2024ರಿಂದ ಜುಲೈ–ಡಿಸೆಂಬರ್ ಅವಧಿಯಲ್ಲಿ ವಿದೇಶಿ ವಯಸ್ಕರೊಬ್ಬರ ಪ್ರವೇಶ ಶುಲ್ಕ 200 ಡಾಲರ್, ಅದೂ 12 ಗಂಟೆಗಳಿಗೆ. ಅಷ್ಟು ತೆತ್ತ ಮೇಲೆ ನಡುಹಗಲಿನ ಆರು ಗಂಟೆಗಳನ್ನು ಲಾಡ್ಜಿನ ವರಾಂಡದಲ್ಲಿ ಕಳೆಯುವುದು ನನಗೆ ಒಗ್ಗಲಿಲ್ಲ. ಎರಡನೆಯ ಕಾರಣ ಚೀತಾ. ಭಾರತದಲ್ಲಿ ಅಳಿದುಹೋಯಿತೆಂದು 1952ರಲ್ಲಿ ಘೋಷಿಸಲಾದ, 2022ರಲ್ಲಿ ನಮೀಬಿಯಾದಿಂದ ಮಧ್ಯಪ್ರದೇಶದ ಕೂನೊ ಕಾಡಿಗೆ ಮತ್ತೆ ತರಲಾದ ಈ ಪ್ರಾಣಿಯನ್ನು ಅದರ ತವರಿನಲ್ಲಿ ನೆಮ್ಮದಿಯಾಗಿ ನೋಡಬೇಕೆಂಬುದು ನನ್ನ ಬಹುಕಾಲದ ಆಸೆಯಾಗಿತ್ತು. ಸಿಂಹ ಮತ್ತು ಕತ್ತೆಕಿರುಬಗಳ ಕಾಟ ತಪ್ಪಿಸಿಕೊಳ್ಳಲು ಚೀತಾ ಹೆಚ್ಚಾಗಿ ಹಗಲಿನಲ್ಲೇ ಬೇಟೆಯಾಡುತ್ತದೆ. ಪ್ರವಾಸಿಗರು ಊಟಕ್ಕೆ ಹೋದ ಹೊತ್ತು ಅದು ಕೆಲಸದಲ್ಲಿರುವುದು ಅಪರೂಪವೇನಲ್ಲ.

ಇಂಥ ದಿನದ ಯಶಸ್ಸು ಕ್ಯಾಮೆರಾಕ್ಕಿಂತ ಮಾರ್ಗದರ್ಶಿಯನ್ನು ಹೆಚ್ಚು ಅವಲಂಬಿಸಿದೆ. ಕೀನ್ಯಾದ ವೃತ್ತಿಪರ ಸಫಾರಿ ಮಾರ್ಗದರ್ಶಿಗಳ ಸಂಘವು ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ದರ್ಜೆಗಳನ್ನು ಕೊಡುತ್ತದೆ. ನಾನು ಬುಕಿಂಗ್ ಮಾಡುವಾಗಲೇ ಬೆಳ್ಳಿ ದರ್ಜೆಯವರು ಬೇಕೆಂದೂ, ಗಾಡಿಯಲ್ಲಿ ಬೇರೆ ಪ್ರವಾಸಿಗರು ಯಾರೂ ಇರಬಾರದೆಂದೂ ಬರೆದು ಕೇಳಿದ್ದೆ. ಹಂಚಿಕೊಂಡ ಗಾಡಿ ಅಗ್ಗವೇನೋ ಹೌದು, ಆದರೆ ಒಂದೇ ಪ್ರಾಣಿಯ ಮುಂದೆ ಮೂರು ಗಂಟೆ ಕೂರೋಣ ಎಂದರೆ ಸಹಪ್ರಯಾಣಿಕರು ಒಪ್ಪುವುದು ಕಷ್ಟ. ನಮಗೆ ಸಿಕ್ಕವರು ಮಾರಾದ ಅಂಚಿನ ತಾಲೆಕ್ ಊರಿನ ಕಡೆಯ, ದನಗಾಹಿ ಮಸಾಯಿ ಸಮುದಾಯದವರು, ಬಾಲ್ಯದಲ್ಲಿ ಇದೇ ಬಯಲಿನ ಅಂಚಿನಲ್ಲಿ ದನ ಮೇಯಿಸಿದವರು. ಹೊರಡುವ ಹಿಂದಿನ ರಾತ್ರಿಯೇ ಅವರಿಗೆ ನನ್ನ ಬೇಡಿಕೆಯನ್ನು ಸ್ಪಷ್ಟವಾಗಿ ಹೇಳಿದೆ: ವೈರ್‌ಲೆಸ್‌ನಲ್ಲಿ ಬರುವ ಸುದ್ದಿಯ ಬೆನ್ನುಹತ್ತಿ ಓಡುವುದು ಬೇಡ, ಪಟ್ಟಿ ಮಾಡಿ ‘ಐದು ದೊಡ್ಡ ಪ್ರಾಣಿ’ಗಳನ್ನು (ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ) ತೋರಿಸುವುದೂ ಬೇಡ. ಅವರು ನಕ್ಕು, "ಹಾಗಾದರೆ ನಾಳೆ ನನಗೆ ಅರ್ಧ ರಜೆ ಸಿಕ್ಕಂತೆ" ಎಂದರು.

ಮಾರಾ ಸಮುದ್ರಮಟ್ಟದಿಂದ ಒಂದೂವರೆ ಸಾವಿರ ಮೀಟರಿಗೂ ಎತ್ತರದಲ್ಲಿರುವುದರಿಂದ ಬೆಳಗಿನ ಚಳಿ ಮಡಿಕೇರಿಯ ಚಳಿಗೆ ಕಡಿಮೆಯಿಲ್ಲ. ತೆರೆದ ಛಾವಣಿಯಲ್ಲಿ ನಿಂತವರಿಗೆ ಸ್ವೆಟರು, ಕಿವಿ ಮುಚ್ಚುವ ಟೋಪಿ ಎರಡೂ ಬೇಕು. ಸೂರ್ಯೋದಯ ವರ್ಷವಿಡೀ ಆರೂವರೆಯ ಆಸುಪಾಸಿನಲ್ಲೇ. ಭೂಮಧ್ಯರೇಖೆ ಹತ್ತಿರವಾದ್ದರಿಂದ ಸೂರ್ಯ ಓರೆಯಾಗಿ ತೆವಳದೆ ನೆಟ್ಟಗೆ ಮೇಲೇರುತ್ತಾನೆ, ಹೀಗಾಗಿ ಫೋಟೊ ತೆಗೆಯುವವರು ಬಯಸುವ ಹೊಂಬೆಳಕು ಒಂದು ಗಂಟೆಯೊಳಗೆ ಮುಗಿದುಹೋಗುತ್ತದೆ. ಒಂಬತ್ತು ದಾಟಿತೆಂದರೆ ನೆಲದಿಂದ ಏಳುವ ಝಳದಲ್ಲಿ ದೂರದ ಚಿತ್ರಗಳೆಲ್ಲ ನೀರಿನಲ್ಲಿ ಅಲುಗಾಡಿದಂತೆ ಬರುತ್ತವೆ. ಎಷ್ಟು ಬೆಲೆಯ ಲೆನ್ಸಿದ್ದರೂ ಅದಕ್ಕೆ ಪರಿಹಾರವಿಲ್ಲ, ಹತ್ತಿರವಿರುವುದನ್ನು ಮಾತ್ರ ತೆಗೆಯಬೇಕು. ಟ್ರೈಪಾಡಿಗೆ ಗಾಡಿಯಲ್ಲಿ ಜಾಗವಿಲ್ಲದ್ದರಿಂದ ಊರಿನಿಂದ ಖಾಲಿ ಬಟ್ಟೆಚೀಲವೊಂದನ್ನು ಒಯ್ದು, ದಾರಿಯಲ್ಲಿ ನಾರೋಕ್ ಪಟ್ಟಣದಲ್ಲಿ ಅಕ್ಕಿ ಕೊಂಡು ತುಂಬಿಸಿ, ಅದರ ಮೇಲೆ ಲೆನ್ಸನ್ನು ಊರಿದ್ದೆ. ಕೀನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ 2017ರಿಂದ ನಿಷೇಧವಿದೆ, ಸಂರಕ್ಷಿತ ಪ್ರದೇಶಗಳೊಳಗೆ 2020ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಯಾವುದೂ ಸಲ್ಲದು. ನೀರಿಗೆ ಸ್ಟೀಲ್ ಬಾಟಲಿಯೇ ಗತಿ.

ನಮ್ಮ ಕಾಡುಗಳಲ್ಲಿ ಹುಲಿ ಹುಡುಕುವುದು ಕಿವಿಯಿಂದ. ಮುಸುವ ಕೆಮ್ಮಿತೆ, ಜಿಂಕೆ ಕೂಗಿತೆ, ಕಡವೆ ದನಿ ತೆಗೆಯಿತೆ ಎಂದು ಎಂಜಿನ್ ಆರಿಸಿ ಕಾಯುತ್ತೇವೆ. ಮಾರಾದ ಬಯಲಿನಲ್ಲಿ ಆ ಕೆಲಸವನ್ನು ಕಣ್ಣು ಮಾಡಬೇಕೆಂಬುದನ್ನು ಮಾರ್ಗದರ್ಶಿ ಮೊದಲ ಅರ್ಧ ಗಂಟೆಯಲ್ಲೇ ಕಲಿಸಿದರು. ಟೋಪಿ ಎಂಬ ಕಂದುಬಣ್ಣದ ಹುಲ್ಲೆಗೆ ಹುತ್ತದ ಮೇಲೆ ನಿಂತು ಕಾವಲು ಕಾಯುವ ಅಭ್ಯಾಸವಿದೆ. ಅದು ಸುಮ್ಮನೆ ನಿಂತಿದ್ದರೆ ಏನೂ ಇಲ್ಲ. ಕಿವಿ ಮುಂದಕ್ಕೆ ಚಾಚಿ, ಮೈಯನ್ನು ಒಂದೇ ದಿಕ್ಕಿಗೆ ತಿರುಗಿಸಿ, ಮೇಯುವುದನ್ನು ಮರೆತಿದ್ದರೆ ಆ ದಿಕ್ಕಿನ ಹುಲ್ಲನ್ನು ದುರ್ಬೀನಿನಲ್ಲಿ ಗೇಣುಗೇಣಾಗಿ ನೋಡಬೇಕು. ಹೀಗೆ ಮೂರು ಟೋಪಿಗಳು ಒಂದೇ ಕಡೆ ದಿಟ್ಟಿಸುತ್ತಿದ್ದ ರೇಖೆಗಳನ್ನು ಅವರು ಬೆರಳಿನಿಂದ ಗಾಳಿಯಲ್ಲಿ ಎಳೆದು, ಅವು ಸೇರುವ ಜಾಗವನ್ನು ತೋರಿಸಿದರು. ಅಲ್ಲೊಂದು ತಾಯಿ ಚೀತಾ ಮತ್ತು ಅದರ ಎರಡು ಮರಿಗಳಿದ್ದವು.

ಇಲ್ಲಿಂದ ಮುಂದಿನದು ನಿಯಮಗಳ ವಿಷಯ, ಅದನ್ನು ಹಗುರವಾಗಿ ನೋಡಬಾರದು. ಮೀಸಲು ಪ್ರದೇಶದಲ್ಲಿ ದಾರಿ ಬಿಟ್ಟು ಹುಲ್ಲಿನ ಮೇಲೆ ಗಾಡಿ ಓಡಿಸುವಂತಿಲ್ಲ, ಒಂದು ಪ್ರಾಣಿಯ ಬಳಿ ಒಮ್ಮೆಗೆ ಐದು ಗಾಡಿಗಳಿಗಿಂತ ಹೆಚ್ಚು ನಿಲ್ಲುವಂತಿಲ್ಲ, 25 ಮೀಟರಿಗಿಂತ ಹತ್ತಿರ ಹೋಗುವಂತಿಲ್ಲ. ಹಿಂದೆ ಸರದಿ ಕಾಯುವವರಿದ್ದರೆ ಹತ್ತು ನಿಮಿಷದಲ್ಲಿ ಜಾಗ ಬಿಡಬೇಕು. ಮಾರಾದಲ್ಲೇ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪ್ರವಾಸಿಗರ ದಟ್ಟಣೆ ಹೆಚ್ಚಿರುವ ಕಡೆ ತಾಯಿ ಚೀತಾಗಳು ಒಂದು ಸೂಲಿಗೆ ಸರಾಸರಿ 0.2 ಮರಿಗಳನ್ನಷ್ಟೇ ದೊಡ್ಡವು ಮಾಡಲು ಶಕ್ತವಾದರೆ, ದಟ್ಟಣೆ ಕಡಿಮೆಯಿರುವ ಕಡೆ ಅದು 2.3ರಷ್ಟಿದೆ ಎಂದು ತೋರಿಸಿತು. ಆ ಬೆಳಿಗ್ಗೆ ನಮ್ಮ ಕಣ್ಣೆದುರಿಗೇ ಒಂದು ವ್ಯಾನು ದಾರಿ ಬಿಟ್ಟು ಹುಲ್ಲಿಗೆ ನುಗ್ಗಿ ತಾಯಿಗೂ ಮರಿಗಳಿಗೂ ನಡುವೆ ಬಂದು ನಿಂತಿತು. ಒಳಗಿನವರು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಹೊರಟೇಹೋದರು. ನಾವು ದಾರಿಯ ಮೇಲೆಯೇ ಬಹಳ ಹಿಂದಕ್ಕೆ ಸರಿದು ಎಂಜಿನ್ ಆರಿಸಿದೆವು. ಒಂಬತ್ತೂವರೆಯ ಹೊತ್ತಿಗೆ ಉಳಿದ ಗಾಡಿಗಳೆಲ್ಲ ತಿಂಡಿಗೆ ತಿರುಗಿದ ಮೇಲೆ, ಯಾರ ಸರದಿಯನ್ನೂ ಕಸಿಯದೆ ಕೂರಲು ನಮಗೆ ಅವಕಾಶವಾಯಿತು.

ಚೀತಾ ಎದ್ದದ್ದು ಹನ್ನೊಂದೂವರೆಯ ಸುಮಾರಿಗೆ, ನೆತ್ತಿ ಸುಡುವ ಬಿಸಿಲಿನಲ್ಲಿ. ಅದು ಸಾಗುವ ದಿಕ್ಕನ್ನು ಊಹಿಸಿ ಮಾರ್ಗದರ್ಶಿ ಗಾಡಿಯನ್ನು ದಾರಿಯಗುಂಟ ಮುಂದೆ ಒಯ್ದು ನಿಲ್ಲಿಸಿದರು. ಅದರ ಮತ್ತು ಥಾಮ್ಸನ್ ಗಸೆಲ್ ಹಿಂಡಿನ ನಡುವೆ ನಾವು ಅಡ್ಡ ಬರಬಾರದು, ಆದರೆ ಬೆಳಕು ಬೆನ್ನಿಗಿರಬೇಕು ಎಂಬುದು ಅವರ ಲೆಕ್ಕ. ಗಸೆಲ್ ನಮ್ಮ ಕೃಷ್ಣಮೃಗದ ಬಳಗಕ್ಕೇ ಸೇರಿದ ಸಣ್ಣ ಹುಲ್ಲೆ. ತಲೆಯನ್ನು ಭುಜದ ಮಟ್ಟಕ್ಕೆ ಇಳಿಸಿ ಒಂದೊಂದೇ ಹೆಜ್ಜೆ ಇಡುತ್ತ ಬಂದ ತಾಯಿ, ಗಸೆಲ್ ತಲೆಯೆತ್ತಿದಾಗಲೆಲ್ಲ ಎತ್ತಿದ ಕಾಲನ್ನು ಎತ್ತಿದಂತೆಯೇ ಹಿಡಿದು ನಿಲ್ಲುತ್ತಿತ್ತು. ಮೊದಲ ಪ್ರಯತ್ನ ಟೋಪಿಯೊಂದರ ಸೀನಿನಂಥ ಸದ್ದಿನಿಂದ ಹಾಳಾಯಿತು. ಎರಡನೆಯದು ನಡೆದು ಮುಗಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ: ಧೂಳು, ಒಂದು ತೀವ್ರ ತಿರುವು, ಮತ್ತೆ ಧೂಳು. ನಾನು ತೆಗೆದ ಓಟದ ಚಿತ್ರಗಳಲ್ಲಿ ಉಳಿಸಿಕೊಳ್ಳುವಂಥವು ಕಡಿಮೆ. ಆದರೆ ಅನಂತರದ್ದನ್ನು ನಿಧಾನವಾಗಿ ನೋಡಲು ಸಾಧ್ಯವಾಯಿತು. ಬೇಟೆಯನ್ನು ಪೊದೆಯ ನೆರಳಿಗೆ ಎಳೆದು ತಂದ ತಾಯಿ ಕೂಡಲೇ ತಿನ್ನಲಿಲ್ಲ, ತಿನ್ನುವ ಸ್ಥಿತಿಯಲ್ಲೂ ಇರಲಿಲ್ಲ. ಪಕ್ಕೆಗಳು ಬಡಿದುಕೊಳ್ಳುವಂತೆ ಏದುಸಿರು ಬಿಡುತ್ತ, ಆ ಏದುಸಿರಿನ ನಡುವೆಯೇ ಹಕ್ಕಿಯ ಚಿಲಿಪಿಲಿಯಂಥ ಸಣ್ಣ ದನಿಯಲ್ಲಿ ಮರಿಗಳನ್ನು ಕರೆಯಿತು. ಅದು ಚೀತಾದ ದನಿ ಎಂದು ಮಾರ್ಗದರ್ಶಿ ಹೇಳದಿದ್ದರೆ ನಾನು ಪೊದೆಯಲ್ಲಿ ಹಕ್ಕಿಯನ್ನು ಹುಡುಕುತ್ತಿದ್ದೆ. ಮರಿಗಳು ಓಡಿಬಂದು ಬಾಯಿ ಹಾಕಿ ಅರ್ಧ ಗಂಟೆಯಾಗುವಷ್ಟರಲ್ಲಿ ರಣಹದ್ದುಗಳು ಇಳಿದವು, ಅವುಗಳ ಸುಳಿವು ಹಿಡಿದು ಕತ್ತೆಕಿರುಬವೊಂದು ಬಂತು. ತಾಯಿ ಒಮ್ಮೆ ಹಲ್ಲು ತೋರಿ, ಕಾದಾಡದೆ ಮರಿಗಳೊಂದಿಗೆ ಸರಿದುಹೋಯಿತು. ಓಟವೇ ಬದುಕಾಗಿರುವ ಪ್ರಾಣಿಗೆ ಕಾಲಿಗೊಂದು ಗಾಯವಾದರೆ ಮರಿಗಳೂ ಉಪವಾಸ ಬೀಳಬೇಕಾಗುತ್ತದೆ. ಅರ್ಧ ಗಸೆಲ್ ಬಿಟ್ಟುಕೊಡುವುದು ಅದಕ್ಕಿಂತ ಅಗ್ಗ.

ನಮ್ಮ ಊಟ ಎರಡು ಗಂಟೆಗೆ, ಬಯಲಿನ ನಡುವಿನ ಒಂಟಿ ಮರದ ಕೆಳಗೆ. ಇಳಿಯುವ ಮೊದಲು ಮಾರ್ಗದರ್ಶಿ ಮರದ ಕೊಂಬೆಗಳನ್ನೂ ಸುತ್ತಲಿನ ಹುಲ್ಲನ್ನೂ ನೋಡಿ ಬಂದರು. ಬಹಿರ್ದೆಸೆಯ ವ್ಯವಸ್ಥೆಯೂ ಗಾಡಿಯ ಹಿಂಬದಿಯೇ, ಅದಕ್ಕೂ ಇದೇ ಎಚ್ಚರಿಕೆ. ಸಸ್ಯಾಹಾರಿಗಳು ಕೀನ್ಯಾಕ್ಕೆ ಹೋಗಲು ಹೆದರಬೇಕಾಗಿಲ್ಲ. ಭಾರತೀಯರಿಂದ ಬಂದ ಚಪಾತಿ ಅಲ್ಲಿ ಮನೆಮಾತಾಗಿದೆ, ಜೊತೆಗೆ ಬೇಯಿಸಿದ ಅವರೆಯಂಥ ಕಾಳು ಎಲ್ಲ ಕಡೆ ಸಿಗುತ್ತದೆ. ಚಟ್ನಿಪುಡಿ ನಮ್ಮದಿತ್ತು.

ಮಧ್ಯಾಹ್ನ ಮಾರಾ ನದಿಯ ದಂಡೆಗೆ ಹೋದೆವು. ಜುಲೈನಿಂದ ಅಕ್ಟೋಬರ್‌ವರೆಗೆ ಗಡಿಯಾಚೆ ಟಾಂಜಾನಿಯಾದ ಸೆರೆಂಗೆಟಿ ಬಯಲಿನಿಂದ ಬರುವ ವಿಲ್ಡೆಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡುಗಳು ನದಿ ದಾಟುವುದನ್ನು ನೋಡಲೆಂದೇ ಜನ ಬರುತ್ತಾರೆ, ಅಂದೂ ಸಾಲುಗಟ್ಟಿ ಗಾಡಿಗಳು ನಿಂತಿದ್ದವು. ಹಿಂಡು ಅಂಚಿಗೆ ಬಂದು ಇಣುಕಿ ಹಿಂದಿರುಗಿತು. ನೀರಾನೆಗಳನ್ನೂ ಮೊಸಳೆಗಳನ್ನೂ ಸ್ವಲ್ಪ ಹೊತ್ತು ನೋಡಿ ನಾವೂ ಹಿಂದಿರುಗಿದೆವು. ಆ ಜಾತ್ರೆಯಲ್ಲಿ ದಿನವಿಡೀ ಕಾಯುವುದು ನನ್ನ ಮಟ್ಟಿಗೆ ಸಮಯದ ಸದುಪಯೋಗವಲ್ಲ.

ಆರಕ್ಕೆ ಮುಂಚೆ ಗೇಟು ದಾಟಿದೆವು. ಕ್ಯಾಂಪಿನ ಜನರೇಟರ್ ರಾತ್ರಿ ಹತ್ತಕ್ಕೆ ನಿಲ್ಲುವುದರಿಂದ ಮೊದಲು ಬ್ಯಾಟರಿಗಳನ್ನು ಚಾರ್ಜಿಗೆ ಹಾಕಿ, ಆಮೇಲೆ ಲೆನ್ಸಿನ ಧೂಳನ್ನು ಗಾಳಿ ಊದುವ ರಬ್ಬರ್ ಬುರುಡೆಯಿಂದಷ್ಟೇ ತೆಗೆದೆ. ಮಾರಾದ ಧೂಳನ್ನು ಬಟ್ಟೆಯಿಂದ ಒರೆಸಿದರೆ ಗಾಜಿನ ಮೇಲೆ ಗೀರು ಬೀಳುತ್ತದೆ. ಮರುದಿನವೂ ಅದೇ ಹೊತ್ತಿಗೆ ಹೊರಡುವುದೆಂದು ಮಾರ್ಗದರ್ಶಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ, ಬುತ್ತಿಗೆ ಚಟ್ನಿಪುಡಿ ಇನ್ನೂ ಉಳಿದಿದೆಯೇ ಎಂದು.