ರಾಜಿ ಬೇರೆ, ಕ್ಷಮೆ ಬೇರೆ: ಕೊಂದವನನ್ನು ಭೇಟಿಯಾಗುವ ಮುನ್ನ

ಕೊಲೆಯಾದ ಮನೆಗೆ ಮೊದಲು ಬರುವವರು ಪೊಲೀಸರು, ಆಮೇಲೆ ನೆಂಟರಿಷ್ಟರು, ಹನ್ನೊಂದನೆಯ ದಿನದ ಕಾರ್ಯ ಮುಗಿಯುತ್ತಿದ್ದಂತೆ ರಾಜಿಯ ಮಾತು ಹೊತ್ತ ಊರಿನ ಹಿರಿಯರು. "ಹೋದ ಜೀವ ತಿರುಗಿ ಬರುವುದಿಲ್ಲ, ಅವರೂ ಮಕ್ಕಳೊಂದಿಗರು, ದೊಡ್ಡ ಮನಸ್ಸು ಮಾಡಿ" ಎಂದು ಅವರು ಹೇಳುವಾಗ ಅದು ಕ್ಷಮೆಯ ಮಾತಿನಂತೆಯೇ ಕೇಳಿಸುತ್ತದೆ. ಅಪರಾಧಿಯನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಬೇಕು, ಸಾಧ್ಯವಾದರೆ ಕ್ಷಮಿಸಬೇಕು ಎಂಬ ಯೋಚನೆ ನೊಂದವರ ಮನಸ್ಸಿನಲ್ಲಿ ತಾನಾಗಿ ಮೂಡಿದ್ದರೆ ಹೇಗೆ ಮುಂದುವರಿಯಬೇಕು ಎಂಬುದನ್ನು ತಿಳಿಸುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ರೆಸ್ಟೋರೇಟಿವ್ ಜಸ್ಟಿಸ್ ಎಂದು ಹೊರದೇಶಗಳಲ್ಲಿ ಬೆಳೆದಿರುವ ಪದ್ಧತಿ ಕೇಳುವುದು ಯಾರಿಗೆ ಏನು ನೋವಾಯಿತು, ಅದಕ್ಕೆ ಹೊಣೆ ಹೊರುವವರು ಯಾರು ಎಂಬುದನ್ನು. ನಮ್ಮ ಊರುಗಳ ರಾಜಿ ಪಂಚಾಯ್ತಿ ಕೇಳುವುದು ಕೇಸು ಹೇಗೆ ಮುಗಿಸುವುದು ಎಂಬುದನ್ನು ಮಾತ್ರ. ಇವೆರಡನ್ನೂ ಒಂದೇ ಎಂದುಕೊಂಡು ಮೋಸಹೋದ ಮನೆಗಳನ್ನು ನಾನು ಕಂಡಿದ್ದೇನೆ.

ಆದ್ದರಿಂದ ಮೊದಲ ಕೆಲಸ ರಾಜಿಯ ಮಾತನ್ನು ಅಲ್ಲಿಗೇ ನಿಲ್ಲಿಸುವುದು. ಸಣ್ಣಪುಟ್ಟ ಹೊಡೆದಾಟದಂಥ ಕೆಲವು ಅಪರಾಧಗಳಲ್ಲಿ ಎರಡೂ ಕಡೆಯವರು ರಾಜಿಯಾಗಲು, ಕ್ರಿಮಿನಲ್ ಪ್ರಕರಣಗಳು ನಡೆಯಬೇಕಾದ ವಿಧಾನವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಂ ಅವಕಾಶ ಕೊಡುತ್ತದೆ. ಕೊಲೆ ಮತ್ತು ಅತ್ಯಾಚಾರ ಆ ಪಟ್ಟಿಯಲ್ಲಿ ಇಲ್ಲ. ಇಂಥ ಘೋರ ಅಪರಾಧಗಳ ಪ್ರಕರಣವನ್ನು ಎರಡೂ ಕಡೆಯವರು ಒಪ್ಪಿದರೂ ರದ್ದುಮಾಡಲಾಗದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಗ್ಯಾನ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹಾಗಿದ್ದೂ ಹಿರಿಯರು ರಾಜಿ ಎನ್ನುತ್ತಾರೆಂದರೆ ಅದರ ಅರ್ಥ ಒಂದೇ: ದುಡ್ಡು ಪಡೆದು ನೀವು ಕಟಕಟೆಯಲ್ಲಿ ನಿಂತು "ನಾನು ಏನನ್ನೂ ನೋಡಿಲ್ಲ" ಎಂದು ಹೇಳಬೇಕು. ಸುಳ್ಳು ಸಾಕ್ಷ್ಯ ಸ್ವತಃ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಸತ್ತವರ ಸಾವಿನ ಸತ್ಯವನ್ನೇ ಅಳಿಸಿಹಾಕಿದ ಭಾರ ಮನೆಯವರ ಎದೆಯಲ್ಲಿ ಉಳಿಯುತ್ತದೆ. ಖಾಲಿ ಸ್ಟಾಂಪ್ ಪೇಪರಿಗೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬೇಡಿ. ಒತ್ತಡ ಬೆದರಿಕೆಯಾಗಿ ತಿರುಗಿದರೆ 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ರಕ್ಷಣೆ ಕೇಳಬಹುದು.

ದುಡ್ಡಿನ ಅಗತ್ಯ ಅನೇಕ ಮನೆಗಳನ್ನು ರಾಜಿಯ ಕಡೆಗೆ ದೂಡುತ್ತದೆ. ದುಡಿಯುವ ಕೈಯೇ ಹೋದಾಗ ಅದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ನೊಂದವರಿಗೆ ಪರಿಹಾರ ಕೊಡುವ ಹೊಣೆ ಸರ್ಕಾರದ ಮೇಲೂ ಇದೆ. ಸಂಹಿತೆಯ 396ನೇ ಕಲಂ ಅದಕ್ಕೆ ಆಧಾರ, ಕರ್ನಾಟಕದಲ್ಲಿ 2011ರಿಂದ ಅದಕ್ಕೆಂದೇ ಯೋಜನೆಯೂ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬೇಕು. ದಾರಿ ತಿಳಿಯದಿದ್ದರೆ 15100ಕ್ಕೆ ಕರೆಮಾಡಬಹುದು. ಅಪರಾಧಿ ಪತ್ತೆಯಾಗದಿದ್ದರೂ ಅರ್ಜಿ ಹಾಕಬಹುದು ಎಂದಮೇಲೆ, ನೀವು ಅವನನ್ನು ಕ್ಷಮಿಸಿದಿರೋ ಇಲ್ಲವೋ ಎಂಬುದಕ್ಕೂ ಈ ಹಣಕ್ಕೂ ಯಾವ ಸಂಬಂಧವೂ ಇಲ್ಲ.

ಕ್ಷಮೆಯನ್ನು ಯಾರೂ ಯಾರಿಂದಲೂ ಕೊಡಿಸಲಾಗದು ಎಂಬುದಕ್ಕೆ ಎರಡು ರಾಖಿಗಳ ಸಂಗತಿಯನ್ನು ನೆನೆಯುತ್ತೇನೆ. ಎರಡೂ ಇಂದೋರಿನ ನಂಟಿನವು. ಬಡ ಕೃಷಿಕಾರ್ಮಿಕರ ನಡುವೆ ಕೆಲಸ ಮಾಡುತ್ತಿದ್ದ ಕೇರಳ ಮೂಲದ ಸನ್ಯಾಸಿನಿ ರಾಣಿ ಮರಿಯಾ ಅವರನ್ನು 1995ರ ಫೆಬ್ರುವರಿ 25ರಂದು ಇಂದೋರಿಗೆ ಹೊರಟಿದ್ದ ಬಸ್ಸಿನಲ್ಲಿ ಇರಿದು ಕೊಲ್ಲಲಾಯಿತು. ಏಳು ವರ್ಷಗಳ ನಂತರ, 2002ರಲ್ಲಿ, ಅವರ ತಂಗಿ ತಾವಾಗಿಯೇ ಜೈಲಿಗೆ ಹೋಗಿ ಕೊಂದವನ ಕೈಗೆ ರಾಖಿ ಕಟ್ಟಿದರು. ಮುಂದೆ ಆ ಕುಟುಂಬವೇ ಅವನ ಬಿಡುಗಡೆಗೆ ಮನವಿ ಮಾಡಿತು, 2006ರಲ್ಲಿ ಅವನು ಹೊರಬಂದ. ಇನ್ನೊಂದು ರಾಖಿಯನ್ನು ಮಧ್ಯಪ್ರದೇಶ ಹೈಕೋರ್ಟಿನ ಇಂದೋರ್ ಪೀಠ 2020ರಲ್ಲಿ ಜಾಮೀನಿನ ಷರತ್ತಿನಲ್ಲಿ ಬರೆಯಿತು: ನೆರೆಮನೆಗೆ ನುಗ್ಗಿ ಮಹಿಳೆಯ ಮೇಲೆ ಕೈಮಾಡಿದ ಆರೋಪಿ ಸಿಹಿ ತೆಗೆದುಕೊಂಡು ಆಕೆಯ ಮನೆಗೇ ಹೋಗಿ ರಾಖಿ ಕಟ್ಟಿಸಿಕೊಳ್ಳಬೇಕು ಎಂದು. 2021ರ ಮಾರ್ಚ್ 18ರಂದು ಸುಪ್ರೀಂ ಕೋರ್ಟ್ ಆ ಷರತ್ತನ್ನು ತೆಗೆದುಹಾಕಿ, ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ನ್ಯಾಯಾಲಯಗಳು ರಾಜಿಯನ್ನಾಗಲಿ ಮದುವೆಯನ್ನಾಗಲಿ ಸೂಚಿಸಕೂಡದು ಎಂದಿತು. ದಾರ ಒಂದೇ ಬಗೆಯದಾದರೂ ಮೊದಲನೆಯದನ್ನು ಕಟ್ಟಲು ಆ ತಂಗಿ ಏಳು ವರ್ಷ ತೆಗೆದುಕೊಂಡರು, ಎರಡನೆಯದಕ್ಕೆ ಆ ಮಹಿಳೆಯ ಮನಸ್ಸನ್ನೇ ಯಾರೂ ಕೇಳಲಿಲ್ಲ. ನೀವೂ ಬೇಕಾದಷ್ಟು ಕಾಲ ತೆಗೆದುಕೊಳ್ಳಿ.

ಭೇಟಿಗೆ ತಕ್ಕ ಕಾಲ ತೀರ್ಪಿನ ನಂತರವೇ. ವಿಚಾರಣೆ ನಡೆಯುವಾಗ ಆರೋಪಿ ತಪ್ಪೊಪ್ಪುವಂತಿಲ್ಲ, ಅವನ ವಕೀಲರು ಬಿಡುವುದಿಲ್ಲ; ನಿಮ್ಮ ಭೇಟಿಯನ್ನೇ ಮುಂದೆ ನಿಮ್ಮ ಸಾಕ್ಷ್ಯದ ವಿರುದ್ಧ ಬಳಸಲೂಬಹುದು. ತೀರ್ಪಾದ ಮೇಲೂ ಒಂದು ಪ್ರಶ್ನೆಗೆ ಮೊದಲೇ ಉತ್ತರ ಬೇಕು: ತಾನು ಮಾಡಿದ್ದು ಹೌದು ಎಂದು ಅವನು ಒಪ್ಪುತ್ತಾನೆಯೇ? ಒಪ್ಪದವನ ಮುಂದೆ ಹೋಗಿ ಕೂರುವುದು ಗಾಯಕ್ಕೆ ಮತ್ತೆ ಕೈಯಿಡುವುದಷ್ಟೇ, ಅಂಥಲ್ಲಿ ಹೋಗಲೇಬೇಡಿ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ 1993ರಿಂದ ಕಾರಾಗೃಹ ಇಲಾಖೆಯೇ ಇಂಥ ಭೇಟಿಗಳನ್ನು ಏರ್ಪಡಿಸುತ್ತದೆ. ಅಲ್ಲಿ ಭೇಟಿಯನ್ನು ಕೋರಬೇಕಾದವರು ನೊಂದವರೇ, ಸಿದ್ಧತೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನಮ್ಮ ಕಾನೂನಿನಲ್ಲಿ ಇದಕ್ಕೆಂದೇ ಬರೆದಿಟ್ಟ ವಿಧಾನವಿಲ್ಲವಾದ್ದರಿಂದ ಜೈಲಿನ ಅಧೀಕ್ಷಕರಿಗೆ ಬರವಣಿಗೆಯಲ್ಲಿ ಕೋರಿಕೆ ಸಲ್ಲಿಸಿ, ಅದರ ಪ್ರತಿಯನ್ನು ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ಕೊಟ್ಟು, ಕೈದಿಯ ಒಪ್ಪಿಗೆ ತಿಳಿದ ಮೇಲೆ ಮುಂದುವರಿಯಬೇಕು. ಸಾಮಾನ್ಯ ಸಂದರ್ಶನದ ಗದ್ದಲದಲ್ಲಿ ಈ ಮಾತು ಆಗುವುದಿಲ್ಲ. ಬೇರೆ ಕೋಣೆ ಬೇಕೆಂದು ಅರ್ಜಿಯಲ್ಲೇ ಕೇಳಿ.

ಸಿದ್ಧತೆಯ ಮುಖ್ಯ ಭಾಗ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳುವುದು. ಜಮೀನಿನ ಬದುವಿನ ಜಗಳದಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬರ ಜೊತೆಗೆ ನಾನು ಹೋಗಿದ್ದೆ. ಅವರು ತಂದದ್ದು ಮಗನದೇ ಶಾಲೆಯ ನೋಟ್‌ಬುಕ್; ಮೊದಲ ಪುಟಗಳಲ್ಲಿ ಅವನ ಲೆಕ್ಕಗಳು, ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಮಗಳ ಕೈಯಲ್ಲಿ ಬರೆಸಿದ ಐದು ಪ್ರಶ್ನೆಗಳು. ಮಚ್ಚನ್ನು ಮನೆಯಿಂದಲೇ ತಂದಿದ್ದೆಯಾ? ಬಿದ್ದ ಮೇಲೆ ಅವನು ನೀರು ಕೇಳಿದನಾ? ಅವ್ವಾ ಅಂದನಾ? ವರ್ಷಗಟ್ಟಲೆ ನಡೆದ ವಿಚಾರಣೆಯಲ್ಲಿ ಈ ಕೊನೆಯ ಎರಡನ್ನು ಯಾರೂ ಕೇಳಿರಲಿಲ್ಲ, ಕೇಳುವ ಅಗತ್ಯ ಕಾನೂನಿಗೆ ಇರಲೂ ಇಲ್ಲ. ಉತ್ತರ ಬಂದರೆ ಅದನ್ನು ತಾಳಿಕೊಳ್ಳಬಲ್ಲೆನೇ ಎಂದು ಪ್ರತಿಯೊಂದು ಪ್ರಶ್ನೆಯನ್ನೂ ಮನೆಯಲ್ಲಿ, ನಂಬಿಕಸ್ಥರೊಬ್ಬರ ಎದುರು, ಗಟ್ಟಿಯಾಗಿ ಓದಿ ನೋಡಿಕೊಳ್ಳಬೇಕು.

ಭೇಟಿಯ ದಿನ ಜೊತೆಗೆ ಒಬ್ಬರೇ ಇರಲಿ, ಅವರು ಮಾತನಾಡದವರಾಗಿರಲಿ. ಅವನು ಕಾಲಿಗೆ ಬೀಳಲು ಬಂದರೆ ತಡೆಯಿರಿ. ಕಾಲಿಗೆ ಬಿದ್ದವನನ್ನು ಎತ್ತಲೇಬೇಕೆಂಬ ನಮ್ಮ ಸಂಸ್ಕಾರ ನಿಮ್ಮಿಂದ ಕ್ಷಮೆಯನ್ನು ಎಳೆದುಕೊಂಡುಬಿಡುತ್ತದೆ. "ನನ್ನಿಂದ ತಪ್ಪಾಯಿತು" ಎಂಬ ಮಾತಿನ ಹಿಂದೆಯೇ "ಕುಡಿದಿದ್ದೆ, ಅವನೂ ಬೈದಿದ್ದ" ಎಂಬ ಕಾರಣ ಬಂದರೆ ಎದ್ದು ಬರುವ ಹಕ್ಕು ನಿಮಗಿದೆ. ಏನು ಮಾಡಿದೆನೆಂದು ಹೆಸರಿಟ್ಟು ಹೇಳುವವನ ಪಶ್ಚಾತ್ತಾಪ ಮಾತ್ರ ಕೇಳಲು ಯೋಗ್ಯ.

ಕ್ಷಮಿಸಿದರೆ ಶಿಕ್ಷೆ ತಪ್ಪಿಹೋಗುತ್ತದೆ ಎಂಬ ಅಂಜಿಕೆ ಬೇಡ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಜೀಪಿನೊಳಗೆ ಸುಟ್ಟವರನ್ನು ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದರು, ಪ್ರಕರಣ ಮಾತ್ರ ನಡೆದೇ ನಡೆಯಿತು; ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು. 2008ರ ಮಾರ್ಚಿನಲ್ಲಿ ಪ್ರಿಯಾಂಕಾ ಗಾಂಧಿ ವೆಲ್ಲೂರು ಜೈಲಿಗೆ ಹೋಗಿ ತಂದೆಯ ಹತ್ಯೆಯಲ್ಲಿ ಶಿಕ್ಷೆಗೊಳಗಾದ ನಳಿನಿಯನ್ನು ಕಂಡರು. ನಳಿನಿಯ ಬಿಡುಗಡೆಯಾದದ್ದು 2022ರ ನವೆಂಬರಿನಲ್ಲಿ, ಸುಪ್ರೀಂ ಕೋರ್ಟಿನ ಆದೇಶದಿಂದ. ಅವಧಿಪೂರ್ವ ಬಿಡುಗಡೆಗೆ ಒಪ್ಪಿಗೆಯ ಪತ್ರ ಕೊಡಿ ಎಂದು ಅವನ ಮನೆಯವರು ಬಂದರೆ ಅದು ಬೇರೆಯೇ ತೀರ್ಮಾನ. ಭೇಟಿಯಾದ ದಿನ ಅದಕ್ಕೆ ಸಹಿ ಹಾಕಬೇಡಿ.

ಕ್ಷಮಿಸಲಾಗದೆ ಹಿಂತಿರುಗಿದರೆ ಅದು ಸೋಲಲ್ಲ. ಆ ತಾಯಿ ಜೈಲಿನ ಗೇಟಿನಿಂದ ಹೊರಗೆ ಬಂದವರು ಕಲ್ಲುಬೆಂಚಿನ ಮೇಲೆ ಕೂತು ನೀರು ಕುಡಿದು, ನನ್ನ ಪೆನ್ನು ತೆಗೆದುಕೊಂಡು ಮೂರು ಪ್ರಶ್ನೆಗಳ ಮೇಲೆ ಗೀಟು ಎಳೆದರು, ಎರಡನ್ನು ಹಾಗೆಯೇ ಬಿಟ್ಟರು. ಬಸ್‌ಸ್ಟ್ಯಾಂಡಿನವರೆಗೂ ಆಟೋದಲ್ಲಿ ನಾವು ಮಾತನಾಡಲಿಲ್ಲ. ಕ್ಷಮಿಸಿದಿರಾ ಎಂದು ನಾನು ಕೇಳಲಿಲ್ಲ. ಜೊತೆಗೆ ಹೋಗುವವರು ಯಾರೇ ಆಗಲಿ, ಅಂದೂ ಕೇಳಬಾರದು, ಮುಂದೆಯೂ ಕೇಳಬಾರದು.